ಪರದೇಶದ ಪ್ರಯೋಗಶಾಲೆ, ಸ್ವದೇಶದ ಪ್ರಶ್ನೆ

ವೈದ್ಯಕೀಯ ಪದವಿ ಪಡೆದ ನಮ್ಮ ತರುಣ ತರುಣಿಯರು ಪರದೇಶದ ಪ್ರಯೋಗಶಾಲೆಗಳಿಗೆ ಅಧ್ಯಯನ ಪ್ರವಾಸ ಕೈಕೊಳ್ಳುವುದು ಈಗ ಅಪೂರ್ವವಾದ ಸಂಗತಿಯಾಗಿ ಉಳಿದಿಲ್ಲ. ಒಂದು ಕಾಲಕ್ಕೆ ಹಡಗಿನಲ್ಲಿ ವಾರಗಟ್ಟಲೆ ಪಯಣಿಸಿ ಸೇರಬೇಕಾಗಿದ್ದ ಲಂಡನ್ನನ್ನು ಇಂದು ಮುಂಬಯಿಯಿಂದ ಹೊರಟವರು ಅರ್ಧ ದಿನದೊಳಗೆ ಮುಟ್ಟುತ್ತಾರೆ. ಅಲ್ಲಿ ಒಂದು ತಿಂಗಳೋ ಮೂರು ತಿಂಗಳೋ ಇದ್ದು, ಹೆಸರಾಂತ ತಜ್ಞರ ಮಗ್ಗುಲಲ್ಲಿ ಕುಳಿತು ಸೂಕ್ಷ್ಮದರ್ಶಕದೊಳಗೆ ಇಣಿಕಿ, ಒಂದು ಪ್ರಮಾಣಪತ್ರದೊಡನೆ ಮರಳುತ್ತಾರೆ. ಮನೆಯವರಿಗೆ ಹೆಮ್ಮೆ, ಸಂಘಸಂಸ್ಥೆಗಳು ಕರೆದು ಸನ್ಮಾನಿಸುತ್ತವೆ. ಇದರಲ್ಲಿ ತಪ್ಪೇನೂ ಇಲ್ಲ. ವಿದ್ಯೆಯನ್ನು ಅರಸಿ ದೂರ ಹೋದವರನ್ನು ಗೌರವಿಸುವುದು ನಮ್ಮ ಹಿರಿಯರಿಂದ ಬಂದ ಸಂಪ್ರದಾಯವೇ ಆಗಿದೆ.

ಆದರೆ ಅಂಥ ಸಮಾರಂಭಗಳಲ್ಲಿ ಕೇಳಿಬರುವ ಪ್ರಶ್ನೆ ಬಹುಮಟ್ಟಿಗೆ ಒಂದೇ: "ಅಲ್ಲಿ ಏನೇನು ನೋಡಿದಿರಿ?" ಯಂತ್ರಗಳ ಅದ್ಭುತ, ಕಟ್ಟಡಗಳ ಭವ್ಯತೆ, ಜನರ ಸಮಯಪಾಲನೆ ಇವುಗಳ ವರ್ಣನೆಯಲ್ಲಿ ಸಂಜೆ ಮುಗಿದುಹೋಗುತ್ತದೆ. ಕೇಳಬೇಕಾದ ಇನ್ನೊಂದು ಪ್ರಶ್ನೆ ಕೇಳದೆಯೇ ಉಳಿಯುತ್ತದೆ: "ಅಲ್ಲಿ ಕಲಿತದ್ದನ್ನು ಇಲ್ಲಿಯ ಯಾವ ಪ್ರಶ್ನೆಗೆ ಹಚ್ಚಲಿದ್ದೀರಿ?" ಅಧ್ಯಯನ ಪ್ರವಾಸದ ಬೆಲೆಯೆಲ್ಲ ಈ ಎರಡನೆಯ ಪ್ರಶ್ನೆಯ ಉತ್ತರದಲ್ಲಿ ಅಡಗಿದೆಯೆಂಬುದೇ ಈ ಲೇಖನದ ವಾದ. ಪದ್ಧತಿ ಎಲ್ಲಿಯದಾದರೂ ಆಗಬಹುದು; ಪ್ರಶ್ನೆ ಮಾತ್ರ ನಮ್ಮದಾಗಿರಬೇಕು. ರೋಗವಿಜ್ಞಾನದ, ಅಂದರೆ ಪ್ಯಾಥಾಲಜಿಯ, ಇತಿಹಾಸವು ಈ ಮಾತಿಗೆ ಹೆಜ್ಜೆಹೆಜ್ಜೆಗೂ ಸಾಕ್ಷಿ ನುಡಿಯುತ್ತದೆ.

ವೈದ್ಯರಲ್ಲದ ವಾಚಕರಿಗಾಗಿ ಈ ಶಾಸ್ತ್ರದ ಕಾರ್ಯವನ್ನು ಎರಡು ಮಾತಿನಲ್ಲಿ ಹೇಳುವುದು ಅವಶ್ಯ. ರೋಗಿಯ ದೇಹದಿಂದ ತೆಗೆದ ಗಂಟಿನ ಒಂದು ಚೂರು ಫಾರ್ಮಾಲಿನ್ ದ್ರವದಲ್ಲಿ ಮುಳುಗಿ ಪ್ರಯೋಗಶಾಲೆಗೆ ಬರುತ್ತದೆ. ಅದನ್ನು ಮೇಣದಲ್ಲಿ ಹುದುಗಿಸಿ, ತೆಳ್ಳನೆಯ ಪೊರೆಗಳಾಗಿ ಕೊಯ್ಯುತ್ತಾರೆ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಮೂರು ನಾಲ್ಕು ಪಾಲಿನಷ್ಟೇ ಆ ಪೊರೆಯ ದಪ್ಪ. ಅದನ್ನು ಗಾಜಿನ ಪಟ್ಟಿಯ ಮೇಲೆ ಹರಡಿ, ಹೆಮಟಾಕ್ಸಿಲಿನ್ ಮತ್ತು ಇಯೋಸಿನ್ ಎಂಬ ಬಣ್ಣಗಳನ್ನು ಏರಿಸಿದಾಗ ಜೀವಕೋಶಗಳ ಕೇಂದ್ರಗಳು ನೀಲಿಯಾಗಿಯೂ ಉಳಿದ ಭಾಗವು ನಸುಗೆಂಪಾಗಿಯೂ ಕಾಣುತ್ತವೆ. ಆ ಚಿತ್ರವನ್ನು ಓದಿ ಇದು ಅರ್ಬುದವೋ ಅಲ್ಲವೋ ಎಂದು ಹೇಳುವವನೇ ರೋಗವಿಜ್ಞಾನಿ. ರೋಗಿ ಅವನ ಮುಖವನ್ನು ಕಾಣುವುದಿಲ್ಲ; ಆದರೆ ಶಸ್ತ್ರವೈದ್ಯನ ಕೈ ಏಳಬೇಕೋ ಬೇಡವೋ ಎಂಬುದು ಅವನ ಒಂದು ಸಾಲಿನ ಬರಹವನ್ನು ಅವಲಂಬಿಸಿರುತ್ತದೆ.

ಈ ವಿದ್ಯೆಯನ್ನು ಕಲಿಯಲು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಜಗತ್ತಿನ ತರುಣ ವೈದ್ಯರು ಜರ್ಮನಿಯ ಕಡೆ ಮುಖಮಾಡಿದ್ದರು. ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯಲ್ಲಿ 1856ರಲ್ಲಿ ರುಡಾಲ್ಫ್ ವಿರ್ಖೋ ಅವರಿಗಾಗಿ ರೋಗವಿಜ್ಞಾನದ ಒಂದು ಸಂಸ್ಥೆ ಸ್ಥಾಪನೆಯಾಯಿತು. ರೋಗವೆಂಬುದು ದೇಹದ ರಸಗಳ ಏರುಪೇರಲ್ಲ, ಜೀವಕೋಶಗಳ ವಿಕಾರ ಎಂಬ ತತ್ತ್ವವನ್ನು ಅವರು 1858ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದರು. ಶವಪರೀಕ್ಷೆಯನ್ನು ಒಂದೊಂದು ಅವಯವವನ್ನೂ ಬಿಡದೆ ಕ್ರಮವಾಗಿ ನಡೆಸುವ ವಿಧಾನವನ್ನು ರೂಢಿಸಿದವರೂ ಅವರೇ. ಅಲ್ಲಿಗೆ ಬಂದು ಹೋದವರು ಅಸಂಖ್ಯರು. ಆದರೆ ಚರಿತ್ರೆ ನೆನಪಿನಲ್ಲಿಟ್ಟುಕೊಂಡಿರುವುದು ಜರ್ಮನಿಯನ್ನು ನೋಡಿಬಂದವರನ್ನೆಲ್ಲ ಅಲ್ಲ. ನೋಡಿದ್ದನ್ನು ತಮ್ಮ ನಾಡಿನಲ್ಲಿ ನೆಟ್ಟು ಬೆಳೆಸಿದ ಕೆಲವರನ್ನು ಮಾತ್ರ.

ಅಮೆರಿಕದ ವಿಲಿಯಮ್ ವೆಲ್ಚ್ 1876ರಲ್ಲಿ ಜರ್ಮನಿಗೆ ಹೋದರು. ಬ್ರೆಸ್ಲೌ ನಗರದಲ್ಲಿ ಕೋನ್‌ಹೈಮ್ ಅವರ ಬಳಿ ಅಭ್ಯಾಸ ಮಾಡಿದರು. 1878ರಲ್ಲಿ ನ್ಯೂಯಾರ್ಕಿಗೆ ಮರಳಿದಾಗ ಅವರಿಗಾಗಿ ಯಾವ ಭವ್ಯ ಸಂಸ್ಥೆಯೂ ಕಾದಿರಲಿಲ್ಲ. ಬೆಲ್‌ವ್ಯೂ ವೈದ್ಯಕೀಯ ಕಾಲೇಜಿನಲ್ಲಿ ದೊರೆತ ಅಲ್ಪ ಸ್ಥಳದಲ್ಲಿ, ಕೆಲವೇ ಸೂಕ್ಷ್ಮದರ್ಶಕಗಳೊಡನೆ ಅವರು ವಿದ್ಯಾರ್ಥಿಗಳಿಗೆ ಪ್ರಯೋಗಶಾಲೆಯೊಂದನ್ನು ತೆರೆದರು. ಮುಂದೆ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಅಮೆರಿಕದ ವೈದ್ಯಶಿಕ್ಷಣದ ಸ್ವರೂಪವನ್ನೇ ಬದಲಿಸಿದ ವೆಲ್ಚ್ ಅವರ ಕೆಲಸ ಮೊಳೆತದ್ದು ಆ ಚಿಕ್ಕ ಕೋಣೆಗಳಲ್ಲಿ.

ಜಪಾನಿನ ಕತ್ಸುಸಬುರೋ ಯಾಮಾಗಿವಾ ಅವರ ಕಥೆ ಇನ್ನೂ ಬೋಧಪ್ರದವಾದುದು. ಅವರು 1891ರಲ್ಲಿ ಜರ್ಮನಿಗೆ ಹೋಗಿ ವಿರ್ಖೋ ಅವರಲ್ಲಿ ಕಲಿತು 1894ರಲ್ಲಿ ತೋಕಿಯೋಗೆ ಹಿಂದಿರುಗಿದರು. ದೇಹದ ಒಂದೇ ಭಾಗ ಬಹುಕಾಲ ಕೆರಳಿದರೆ ಅಲ್ಲಿ ಅರ್ಬುದ ಹುಟ್ಟಬಹುದೆಂಬುದು ಗುರುಗಳ ಊಹೆಯಾಗಿತ್ತು. ಲಂಡನ್ನಿನ ಹೊಗೆಗೂಡುಗಳನ್ನು ಗುಡಿಸುವ ಬಡವರಲ್ಲಿ ಮಸಿಯಿಂದ ಅರ್ಬುದ ಬರುವುದನ್ನು ಪರ್ಸಿವಲ್ ಪಾಟ್ 1775ರಷ್ಟು ಹಿಂದೆಯೇ ಗುರುತಿಸಿದ್ದರು. ಆದರೆ ಅದನ್ನು ಪ್ರಯೋಗದಿಂದ ತೋರಿಸಲು ಯಾರಿಗೂ ಸಾಧ್ಯವಾಗಿರಲಿಲ್ಲ. ಯಾಮಾಗಿವಾ ತಮ್ಮ ಸಹಾಯಕ ಇಚಿಕಾವಾ ಅವರೊಡನೆ ಮೊಲಗಳ ಕಿವಿಗೆ ಕಲ್ಲಿದ್ದಲ ಟಾರನ್ನು ತಿಂಗಳುಗಟ್ಟಲೆ, ಎಡೆಬಿಡದೆ, ಮತ್ತೆ ಮತ್ತೆ ಹಚ್ಚಿದರು. 1915ರಲ್ಲಿ ಅರ್ಬುದವು ಅವರ ಕಣ್ಣೆದುರಿಗೆ ಹುಟ್ಟಿತು. ವಿರ್ಖೋ ತೀರಿಕೊಂಡು ಆಗ ಹದಿಮೂರು ವರ್ಷಗಳಾಗಿದ್ದುವು. ಗುರುವಿನ ಊಹೆ ಒರೆಗೆ ಹಚ್ಚಿಸಿಕೊಂಡದ್ದು ಗುರುವಿನ ಪ್ರಯೋಗಶಾಲೆಯಲ್ಲಿ ಅಲ್ಲ, ಶಿಷ್ಯನ ನಾಡಿನಲ್ಲಿ. ಅದಕ್ಕೆ ಬೇಕಾಗಿದ್ದ ಸಾಮಗ್ರಿಯೆಂದರೆ ಕೆಲವು ಮೊಲಗಳು, ಸ್ವಲ್ಪ ಟಾರು ಮತ್ತು ಅಪಾರವಾದ ತಾಳ್ಮೆ.

ಈಗ ನಮ್ಮ ದೇಶದ ಕಡೆ ತಿರುಗೋಣ. ಅಧ್ಯಯನ ಪ್ರವಾಸವು ಹೇಗಿರಬೇಕೆಂಬುದಕ್ಕೆ ಡಾ॥ ಶಂಭುನಾಥ ಡೇ ಅವರ ಜೀವನಕ್ಕಿಂತ ಮಿಗಿಲಾದ ಉದಾಹರಣೆ ದೊರೆಯಲಾರದು. ಬಂಗಾಲದ ಹೂಗ್ಲಿ ಜಿಲ್ಲೆಯ ಒಂದು ಹಳ್ಳಿಯಲ್ಲಿ 1915ರಲ್ಲಿ ಹುಟ್ಟಿದ ಅವರು ಕಲಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ಪದವಿ ಪಡೆದು, 1947ರಲ್ಲಿ ಲಂಡನ್ನಿಗೆ ತೆರಳಿದರು. ಅಲ್ಲಿಯ ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯ ವೈದ್ಯಕೀಯ ಶಾಲೆಯಲ್ಲಿ ರಾಯ್ ಕ್ಯಾಮರಾನ್ ಎಂಬ ಪ್ರಸಿದ್ಧ ರೋಗವಿಜ್ಞಾನಿಯ ಕೈಕೆಳಗೆ ಕೆಲಸಮಾಡಿ 1949ರಲ್ಲಿ ಡಾಕ್ಟರೇಟು ಗಳಿಸಿದರು. ಅವರ ಪ್ರಬಂಧದ ವಿಷಯ ಮಿದುಳಿನಲ್ಲಿ ನೀರು ತುಂಬಿಕೊಳ್ಳುವ ವಿಕಾರ. ಡೇ ಅವರಿಗೆ ಕೀರ್ತಿ ತಂದ ವಿಷಯಕ್ಕೂ ಇದಕ್ಕೂ ನೇರವಾದ ನಂಟಿಲ್ಲ. ಹಾಗಾದರೆ ಅವರು ಲಂಡನ್ನಿನಿಂದ ತಂದದ್ದೇನು? ಪ್ರಾಣಿಗಳ ಮೇಲೆ ಪ್ರಯೋಗವನ್ನು ರಚಿಸುವ ಬಗೆ, ಫಲವನ್ನು ಸಂಶಯದಿಂದ ನೋಡುವ ಕಣ್ಣು, ಸರಳವಾದ ಸಾಧನದಿಂದ ನೇರವಾದ ಉತ್ತರ ಪಡೆಯುವ ಹಟ.

ಕಲಕತ್ತೆಗೆ ಮರಳಿದ ಡೇ ಅವರ ಎದುರಿಗೆ ಅವರ ನಾಡಿನ ಪ್ರಶ್ನೆ ನಿಂತಿತ್ತು. ಅದು ಕಾಲರಾ. ರಾಬರ್ಟ್ ಕಾಖ್ ಅದರ ರೋಗಾಣುವನ್ನು ಹುಡುಕುತ್ತ ಈಜಿಪ್ಟಿನಿಂದ ಕಲಕತ್ತೆಗೆ ಬಂದು, 1884ರಲ್ಲಿ ಅದನ್ನು ಪ್ರತ್ಯೇಕಿಸಿ ತೋರಿಸಿದ್ದರು. ಜರ್ಮನಿಯ ಮಹಾವಿಜ್ಞಾನಿಯೇ ರೋಗದ ಬೆನ್ನುಹತ್ತಿ ನಮ್ಮ ನಾಡಿಗೆ ಬರಬೇಕಾಯಿತೆಂಬುದು ಗಮನಿಸತಕ್ಕ ಮಾತು. ಆ ರೋಗಾಣು ವಿಷವೊಂದನ್ನು ಉಂಟುಮಾಡುತ್ತಿರಬಹುದೆಂದು ಕಾಖ್ ಊಹಿಸಿದ್ದರು. ಆದರೆ ಆ ಊಹೆಗೆ ಆಧಾರ ದೊರೆಯದೆ ದಶಕಗಳೇ ಉರುಳಿದವು. ಪ್ರಯೋಗಶಾಲೆಯ ಪ್ರಾಣಿಗಳಲ್ಲಿ ಕಾಲರಾವನ್ನು ಸರಿಯಾಗಿ ತೋರಿಸುವ ಉಪಾಯವೇ ಸಂಶೋಧಕರ ಕೈಗೆ ಹತ್ತಿರಲಿಲ್ಲ.

ಡೇ ಅವರು ಮಾಡಿದ ಪ್ರಯೋಗವನ್ನು ಮೇಲಿನ ತರಗತಿಯ ವಿದ್ಯಾರ್ಥಿಯೂ ಅರ್ಥಮಾಡಿಕೊಳ್ಳಬಹುದು. ಅರಿವಳಿಕೆ ಕೊಟ್ಟ ಮೊಲದ ಸಣ್ಣ ಕರುಳಿನ ಒಂದು ತುಂಡನ್ನು, ಕತ್ತರಿಸದೆ, ಎರಡು ಕಡೆಯಲ್ಲೂ ದಾರದಿಂದ ಕಟ್ಟಿದರು. ಹೀಗೆ ಮುಚ್ಚಿದ ಭಾಗದೊಳಗೆ ಕಾಲರಾ ರೋಗಾಣುಗಳನ್ನು ಸೂಜಿಯಿಂದ ಚುಚ್ಚಿಬಿಟ್ಟರು. ಮರುದಿನ ನೋಡಿದರೆ ಆ ಭಾಗವು ನೀರಿನಂಥ ದ್ರವದಿಂದ ಉಬ್ಬಿಕೊಂಡಿತ್ತು. ರೋಗಾಣುಗಳನ್ನು ಹಾಕದೆ ಕಟ್ಟಿದ್ದ ಭಾಗ ಇದ್ದಂತೆಯೇ ಇತ್ತು. ಸಹೋದ್ಯೋಗಿ ಚಟರ್ಜಿಯವರೊಡನೆ ಇದನ್ನು 1953ರಲ್ಲಿ ಅವರು ಪ್ರಕಟಿಸಿದರು. ಬಳಿಕ ಇನ್ನೊಂದು ಹೆಜ್ಜೆ ಮುಂದಿಟ್ಟರು. ರೋಗಾಣುಗಳು ಬೆಳೆದ ದ್ರವವನ್ನು ಸೋಸಿ, ಅದರಲ್ಲಿ ಒಂದು ರೋಗಾಣುವೂ ಉಳಿಯದಂತೆ ಮಾಡಿ, ಆ ದ್ರವವನ್ನಷ್ಟೇ ಕರುಳಿಗೆ ಚುಚ್ಚಿದರು. ಕರುಳು ಮತ್ತೆ ಉಬ್ಬಿತು. ಎಂದ ಮೇಲೆ ದೇಹದ ನೀರನ್ನು ಕರುಳಿಗೆ ಸೆಳೆದು ಹರಿಯಿಸುವುದು ರೋಗಾಣುವು ಹೊರಸೂಸುವ ಒಂದು ವಿಷ! 1959ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಈ ಶೋಧವು ಬೆಳಕು ಕಂಡಿತು. ಕಾಖ್ ಅವರ ಊಹೆಗೆ ಎಪ್ಪತ್ತೈದು ವರ್ಷಗಳ ತರುವಾಯ ಕಲಕತ್ತೆಯಲ್ಲೇ ಉತ್ತರ ದೊರೆಯಿತು.

ಅದೇ ದಶಕದಲ್ಲಿ ನಮ್ಮ ಮುಂಬಯಿಯ ಪರೇಲಿನಲ್ಲಿರುವ ಹಾಫ್ಕಿನ್ ಸಂಸ್ಥೆಯಲ್ಲಿ ಎನ್. ಕೆ. ದತ್ತ ಮತ್ತು ಅವರ ಸಂಗಡಿಗರು ಮೊಲದ ಮರಿಗಳಲ್ಲಿ ಕಾಲರಾವನ್ನು ಉಂಟುಮಾಡುವ ಇನ್ನೊಂದು ವಿಧಾನವನ್ನು ರೂಪಿಸಿದರು. ಅವರೂ ರೋಗಾಣುವಿನ ವಿಷದ ಕಡೆಗೇ ಬೆರಳು ತೋರಿಸಿದರು. ಕಾಲರಾ ರೋಗಿಯನ್ನು ಕೊಲ್ಲುವುದು ನೀರು ಮತ್ತು ಲವಣಗಳ ನಷ್ಟವೆಂಬ ತಿಳಿವಳಿಕೆ ಹಲವರ ದುಡಿಮೆಯಿಂದ ಗಟ್ಟಿಗೊಂಡಿತು. 1971ರಲ್ಲಿ ಬಾಂಗ್ಲಾದೇಶದ ನಿರಾಶ್ರಿತರು ಬನಗಾಂವಿನ ಶಿಬಿರಗಳಲ್ಲಿ ಕಾಲರಾದಿಂದ ಸಾಯುತ್ತಿದ್ದಾಗ, ಡಾ॥ ದಿಲೀಪ್ ಮಹಾಲನಬಿಸ್ ಅವರು ಸಕ್ಕರೆ, ಉಪ್ಪು ಬೆರೆಸಿದ ನೀರನ್ನು ಕುಡಿಸಿ ಸಾವಿರಾರು ಜೀವಗಳನ್ನು ಉಳಿಸಿದರು. ಇಂದು ಔಷಧದ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ದೊರೆಯುವ ಪುಡಿಯ ಪೊಟ್ಟಣದ ಹಿಂದೆ ಇಷ್ಟು ದೊಡ್ಡ ಚರಿತ್ರೆಯಿದೆ.

ಅರ್ಬುದದ ವಿಷಯವೂ ಹೀಗೆಯೇ. ಲಂಡನ್ ವಿಶ್ವವಿದ್ಯಾಲಯದಲ್ಲಿ 1923ರಲ್ಲಿ ರೋಗವಿಜ್ಞಾನದ ಉನ್ನತ ಪದವಿ ಪಡೆದು ಮುಂಬಯಿಗೆ ಮರಳಿದ ಡಾ॥ ವಸಂತ ರಾಮಜಿ ಖಾನೋಲ್ಕರ್ ಅವರು ಇಲ್ಲಿಯ ವೈದ್ಯಕೀಯ ಕಾಲೇಜುಗಳಲ್ಲಿ ಬೋಧಿಸಿ, 1941ರಲ್ಲಿ ತೆರೆದ ಟಾಟಾ ಸ್ಮಾರಕ ಆಸ್ಪತ್ರೆಯ ಪ್ರಯೋಗಶಾಲೆಗಳನ್ನು ಕಟ್ಟಿ ಬೆಳೆಸಿದರು. ಬಾಯಿಯ ಅರ್ಬುದ ಪಶ್ಚಿಮದ ಪಠ್ಯಗ್ರಂಥಗಳಲ್ಲಿ ಚಿಕ್ಕ ಅಧ್ಯಾಯ. ನಮ್ಮ ಆಸ್ಪತ್ರೆಗಳಲ್ಲಿ ಅದೇ ದೊಡ್ಡ ಸಂಕಟ. ಹೊಗೆಸೊಪ್ಪನ್ನು ಅಗಿಯುವ ಅಭ್ಯಾಸಕ್ಕೂ ಅದಕ್ಕೂ ಇರುವ ಸಂಬಂಧವನ್ನು ಖಾನೋಲ್ಕರ್ ನಮ್ಮ ಜನರ ನಡುವೆಯೇ ಹುಡುಕಿದರು. ಲಂಡನ್ನಿನ ಸೂಕ್ಷ್ಮದರ್ಶಕ ಅವರಿಗೆ ಜೀವಕೋಶವನ್ನು ಓದಲು ಕಲಿಸಿರಬಹುದು. ಎಲೆಯಡಿಕೆಯ ಚೀಲದ ಕಡೆಗೆ ನೋಡಬೇಕೆಂದು ಕಲಿಸಿದ್ದು ಮುಂಬಯಿಯೇ.

ಕನ್ನಡನಾಡೂ ಇಂಥ ಪ್ರಶ್ನೆಯೊಂದನ್ನು ಜಗತ್ತಿನ ಮುಂದಿಟ್ಟಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬೀಳತೊಡಗಿದವು. ಸುತ್ತಲಿನ ಹಳ್ಳಿಗರಿಗೆ ವಿಷಮ ಜ್ವರ ಬಂದಿತು. ಭಾರತೀಯ ವೈದ್ಯಕೀಯ ಸಂಶೋಧನ ಪರಿಷತ್ತು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ಸಹಕಾರದಿಂದ 1952ರಲ್ಲಿ ಪುಣೆಯಲ್ಲಿ ವೈರಸ್ ಸಂಶೋಧನ ಕೇಂದ್ರವನ್ನು ಸ್ಥಾಪಿಸಿತ್ತು. ಅಲ್ಲಿಯ ವಿಜ್ಞಾನಿಗಳು ಮಲೆನಾಡಿಗೆ ಧಾವಿಸಿ, ಉಣ್ಣಿಗಳಿಂದ ಹರಡುವ ಹೊಸ ವೈರಸ್ಸೊಂದನ್ನು ಪತ್ತೆಹಚ್ಚಿದರು. ಹಳ್ಳಿಗರು 'ಮಂಗನ ಕಾಯಿಲೆ' ಎಂದು ಕರೆದದ್ದು ಪ್ರಪಂಚದ ವೈದ್ಯಗ್ರಂಥಗಳಲ್ಲಿ ಕ್ಯಾಸನೂರಿನ ಹೆಸರಿನಿಂದ ಸೇರಿತು. ಸಮೀಪದ ಪುಣೆಯಲ್ಲಿ ಸಿದ್ಧವಾದ ಒಂದು ಪ್ರಯೋಗಶಾಲೆ ಇಲ್ಲದಿದ್ದರೆ ಆ ಜ್ವರ ಎಷ್ಟು ಕಾಲ ಹೆಸರಿಲ್ಲದೆಯೇ ಬಲಿ ತೆಗೆದುಕೊಳ್ಳುತ್ತಿತ್ತೋ ಯಾರು ಬಲ್ಲರು?

ಇಷ್ಟೆಲ್ಲ ಕೇಳಿದ ಮೇಲೆ ಒಬ್ಬರು ಆಕ್ಷೇಪಿಸಬಹುದು: "ಪ್ರಶ್ನೆ ನಮ್ಮದೇ ಆದರೆ, ಪರದೇಶಕ್ಕೆ ಹೋಗುವುದಾದರೂ ಏಕೆ? ಗಾಜಿನ ಪಟ್ಟಿಯ ಚಿತ್ರವನ್ನು ಈಗ ಗಣಕಯಂತ್ರದ ಮೂಲಕ ಭೂಮಿಯ ಯಾವ ಮೂಲೆಗಾದರೂ ಕಳುಹಿಸಬಹುದಲ್ಲ?" ಈ ಆಕ್ಷೇಪದಲ್ಲಿ ತಿರುಳಿದೆ. ಬರಿಯ ಚಿತ್ರಗಳನ್ನು ನೋಡುವುದಕ್ಕಾಗಿ ತಂದೆತಾಯಿಗಳ ಉಳಿತಾಯವನ್ನು ವೆಚ್ಚಮಾಡಿ ಸಮುದ್ರ ದಾಟಬೇಕಾಗಿಲ್ಲ. ಅದೂ ಅಲ್ಲದೆ, ಇಂಥ ಅಲ್ಪಾವಧಿಯ ಪ್ರವಾಸಿಗಳಿಗೆ ಅನೇಕ ಕಡೆಗಳಲ್ಲಿ ದೊರೆಯುವುದು ನೋಡುವ ಅವಕಾಶ ಮಾತ್ರ. ಕೈಹಾಕಿ ಕೆಲಸಮಾಡುವ ಅಧಿಕಾರವಲ್ಲ.

ಆದರೂ ಚಿತ್ರದಲ್ಲಿ ಬಾರದ ಒಂದು ವಸ್ತುವಿದೆ. ಅದು ಪ್ರಯೋಗಶಾಲೆಯ ಶೀಲ. ಬಂದ ಪ್ರತಿಯೊಂದು ಚೂರಿನ ಗುರುತುಚೀಟಿಯನ್ನು ಹೇಗೆ ಎರಡೆರಡು ಸಲ ತಾಳೆನೋಡುತ್ತಾರೆ; ಸಂದೇಹ ಬಂದಾಗ ಹಿರಿಯ ತಜ್ಞನೂ ತನ್ನ ಕಿರಿಯನ ಅಭಿಪ್ರಾಯವನ್ನು ಹೇಗೆ ಸಂಕೋಚವಿಲ್ಲದೆ ಕೇಳುತ್ತಾನೆ; ಶಸ್ತ್ರವೈದ್ಯನೂ ರೋಗವಿಜ್ಞಾನಿಯೂ ಒಂದೇ ಮೇಜಿನ ಸುತ್ತ ಕುಳಿತು ರೋಗಿಯೊಬ್ಬನ ವಿಷಯವನ್ನು ಹೇಗೆ ಚರ್ಚಿಸುತ್ತಾರೆ; ಕೊಟ್ಟ ವರದಿಯನ್ನು ತಿದ್ದಬೇಕಾಗಿ ಬಂದರೆ ಅದನ್ನು ಬಚ್ಚಿಡದೆ ಹೇಗೆ ದಾಖಲೆಮಾಡುತ್ತಾರೆ: ಒಳ್ಳೆಯ ಪ್ರಯೋಗಶಾಲೆಯಲ್ಲಿ ಕಲಿಯಬೇಕಾದದ್ದು ಇವು. ಇವನ್ನು ನಾಲ್ಕು ದಿನ ಹತ್ತಿರವಿದ್ದು ಕಂಡವರಿಗೆ ಮಾತ್ರ ಇವು ಮೈಗೂಡುತ್ತವೆ. ಇವುಗಳಲ್ಲಿ ಒಂದನ್ನೂ ಕೊಳ್ಳಲು ಕೋಟಿ ರೂಪಾಯಿ ಬೇಕಾಗಿಲ್ಲವೆಂಬುದನ್ನೂ ಗಮನಿಸಬೇಕು. ಯಂತ್ರದ ಬೆಲೆಯನ್ನು ಬರೆದುಕೊಂಡು ಬಂದ ವಿದ್ಯಾರ್ಥಿ ಇಲ್ಲಿ ನಿಟ್ಟುಸಿರಿಡುತ್ತಾನೆ; ನಡೆಯನ್ನು ಬರೆದುಕೊಂಡು ಬಂದವನು ಮರುದಿನದಿಂದಲೇ ಕೆಲಸ ಪ್ರಾರಂಭಿಸುತ್ತಾನೆ.

ಕನ್ನಡ ಶಾಲೆಯ ಈ ವಾರ್ಷಿಕ ಸಂಚಿಕೆಯಲ್ಲಿ ಭಾಷೆಯ ಮಾತನ್ನೂ ಆಡದೆ ಬಿಡಲಾಗದು. ಪರಭಾಷೆಯ ಮಹಾನಗರದಲ್ಲಿದ್ದು ಮಕ್ಕಳನ್ನು ಕನ್ನಡ ಮಾಧ್ಯಮದಲ್ಲಿ ಓದಿಸುವ ತಂದೆತಾಯಿಗಳಿಗೆ, ಈ ಮಕ್ಕಳು ಮುಂದೆ ದೇಶಾಂತರದ ವಿದ್ಯಾಲಯಗಳ ಹೊಸ್ತಿಲು ತುಳಿದಾರೇ ಎಂಬ ಶಂಕೆ ಸಹಜವಾದುದು. ವೆಲ್ಚ್ ಅವರೂ ಯಾಮಾಗಿವಾ ಅವರೂ ಕಲಿಯುವುದಕ್ಕಾಗಿ ತಮ್ಮದಲ್ಲದ ಜರ್ಮನ್ ಭಾಷೆಯನ್ನು ಆಶ್ರಯಿಸಿದರು. ಅದರಿಂದ ಅವರ ಸ್ವಂತ ಭಾಷೆ ಕೀಳೂ ಆಗಲಿಲ್ಲ, ಅಡ್ಡಿಯೂ ಆಗಲಿಲ್ಲ. ಇಂಗ್ಲಿಷನ್ನು ನಮ್ಮ ಮಕ್ಕಳು ಚೆನ್ನಾಗಿ ಕಲಿಯಲೇಬೇಕು. ಅದು ಪ್ರಯೋಗಶಾಲೆಯ ಬಾಗಿಲಿನ ಕೀಲಿಕೈ. ಆದರೆ ಬಾಗಿಲೊಳಗಿನ ಕೆಲಸಕ್ಕೆ ಇನ್ನೊಂದು ಭಾಷೆ ಬೇಕಾಗುತ್ತದೆ. ಗಾಜಿನ ಪಟ್ಟಿಯೊಡನೆ ಬರುವ ಚೀಟಿಯಲ್ಲಿ ರೋಗಿಯ ವೃತ್ತಾಂತ ಸರಿಯಾಗಿಲ್ಲದಿದ್ದರೆ ಎಂಥ ತಜ್ಞನ ಕಣ್ಣೂ ಅರ್ಧ ಕುರುಡು. ಎಷ್ಟು ವರ್ಷದಿಂದ ಹೊಗೆಸೊಪ್ಪು ಹಾಕುತ್ತೀರಿ, ಯಾವ ದವಡೆಯಲ್ಲಿ ಇಟ್ಟುಕೊಳ್ಳುತ್ತೀರಿ, ಊರಿನಲ್ಲಿ ಕಾಡಿಗೆ ಸೌದೆ ತರಲು ಹೋಗಿದ್ದಿರಾ, ಅಲ್ಲಿ ಮಂಗ ಸತ್ತದ್ದನ್ನು ಕಂಡಿರಾ: ಇವನ್ನು ಕೇಳಿ ತಿಳಿಯಲು ರೋಗಿಯ ನುಡಿ ಬರಬೇಕು. ಕನ್ನಡವನ್ನು ಮನೆಯಲ್ಲೂ ಮರಾಠಿಯನ್ನು ಬೀದಿಯಲ್ಲೂ ಕಲಿತ ಮುಂಬಯಿಯ ಹುಡುಗಿಯೊಬ್ಬಳು ವೈದ್ಯಳಾದರೆ, ಈ ವಿಷಯದಲ್ಲಿ ಲಂಡನ್ನಿನ ಪ್ರಾಧ್ಯಾಪಕರಿಗೂ ಇಲ್ಲದ ಸಂಪತ್ತು ಅವಳಲ್ಲಿರುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಹೋಗಿಬರುವವರ ಕರ್ತವ್ಯ. ಆದರೆ ಕರ್ತವ್ಯ ಅವರೊಬ್ಬರದೇ ಅಲ್ಲ. ಮರಳಿದವರಿಗೆ ನಾವು ಕೊಡುವುದೇನು? ಶಂಭುನಾಥ ಡೇ ಅವರ ಕಥೆಯ ಕೊನೆಯ ಭಾಗ ಈ ದೃಷ್ಟಿಯಿಂದ ಕಹಿಯಾದುದು. ನೊಬೆಲ್ ಪುರಸ್ಕೃತ ವಿಜ್ಞಾನಿ ಜೋಶುವಾ ಲೆಡರ್‌ಬರ್ಗ್ ಅವರು ಡೇ ಅವರ ಹೆಸರನ್ನು ನೊಬೆಲ್ ಪಾರಿತೋಷಕಕ್ಕೆ ಸೂಚಿಸಿದ್ದರು. 1978ರಲ್ಲಿ ಕಾಲರಾವನ್ನು ಕುರಿತ ನೊಬೆಲ್ ವಿಚಾರಸಂಕಿರಣಕ್ಕೆ ಅವರಿಗೆ ಆಹ್ವಾನ ಬಂದಿತು. ಸ್ವದೇಶದಲ್ಲಾದರೋ ಯಾವ ವಿಜ್ಞಾನ ಅಕಾಡೆಮಿಯೂ ಅವರನ್ನು ತನ್ನ ಸದಸ್ಯರನ್ನಾಗಿ ಆರಿಸಲಿಲ್ಲ. 1985ರಲ್ಲಿ ಅವರು ತೀರಿಕೊಂಡರು. ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆ ಅವರ ನೆನಪಿಗೆ ವಿಶೇಷ ಸಂಚಿಕೆಯನ್ನು ಮೀಸಲಿಟ್ಟದ್ದು 1990ರಲ್ಲಿ. ಬದುಕಿದ್ದಾಗ ದೊರೆಯದ ಮನ್ನಣೆ ಸತ್ತ ಮೇಲೆ ದೊರೆತರೆ ಕೀರ್ತಿಗೆ ಮೆರುಗು ಬಂದೀತು, ಕೆಲಸಕ್ಕೆ ಬಲ ಬರುವುದಿಲ್ಲ.

ಹೋದವರು ಹಿಂದಿರುಗಲಿಲ್ಲವೆಂದು ನಿಂದಿಸುವುದು ಸುಲಭ. ಅಲ್ಲೇ ನಿಂತವರೆಲ್ಲ ನಾಡನ್ನು ಮರೆತವರೆಂದು ಹೇಳುವುದು ನ್ಯಾಯವೂ ಅಲ್ಲ. ಆಂಧ್ರದ ಭೀಮವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರು ಅಮೆರಿಕಕ್ಕೆ ಹೋದವರು 1948ರಲ್ಲಿ ಅಲ್ಲಿಯೇ ಮಡಿದರು. ಅವರ ದುಡಿಮೆಯ ಫಲವನ್ನು ನಮ್ಮ ರೋಗಿಗಳೂ ಇಂದು ಉಣ್ಣುತ್ತಿದ್ದಾರೆ. ಆದರೆ ಹಿಂದಿರುಗಲು ಮನಸ್ಸುಳ್ಳವರಿಗೆ ಒಂದು ಮೇಜು, ಒಂದು ಸೂಕ್ಷ್ಮದರ್ಶಕ, ವಾರಕ್ಕೆ ಕೆಲವು ಗಂಟೆಗಳ ಬಿಡುವು, ಕೈಕೆಳಗೆ ಒಬ್ಬಿಬ್ಬರು ಉತ್ಸಾಹಿ ವಿದ್ಯಾರ್ಥಿಗಳು ಇಷ್ಟನ್ನಾದರೂ ಒದಗಿಸದೆ ಬರಿಯ ಹಾರ ಹಾಕಿ ಕಳುಹಿಸಿದರೆ ದೋಷ ಅವರದಲ್ಲ, ನಮ್ಮದು. ದಿನಕ್ಕೆ ನೂರಾರು ವರದಿಗಳಿಗೆ ರುಜು ಹಾಕುವುದರಲ್ಲೇ ಹೊತ್ತು ಕಳೆಯಬೇಕಾದ ವೈದ್ಯನಿಂದ ಹೊಸ ಪ್ರಶ್ನೆಯನ್ನು ನಿರೀಕ್ಷಿಸುವುದು ಹೇಗೆ? ಊರಿನ ಉದಾರಿಗಳು ಆಸ್ಪತ್ರೆಗೆ ದಾನಮಾಡುವಾಗ ಹೆಬ್ಬಾಗಿಲಿನ ಕಲ್ಲಿನ ಮೇಲೆ ಹೆಸರನ್ನು ಬಯಸುತ್ತಾರೆ. ಪ್ರಯೋಗಶಾಲೆಯ ಒಂದು ಮೂಲೆಯ ಮೇಜಿಗೆ ದಾನಮಾಡುವವರು ವಿರಳ. ಆ ಮೂಲೆಯಿಂದಲೇ ಕರುಳಿನ ವಿಷವೂ ಕಾಡಿನ ಜ್ವರವೂ ಬಯಲಿಗೆ ಬಂದವೆಂಬುದನ್ನು ಅವರಿಗೆ ತಿಳಿಸಿಹೇಳುವುದು ವಿದ್ಯಾವಂತರ ಹೊಣೆ.

ಈ ಶಾಲೆಯ ಬೆಂಚುಗಳ ಮೇಲೆ ಇಂದು ಕುಳಿತಿರುವವರಲ್ಲಿ ಕೆಲವರಾದರೂ ನಾಳೆ ವೈದ್ಯರಾಗುವರು. ಅವರಲ್ಲಿ ಒಬ್ಬಿಬ್ಬರಿಗೆ ಪರದೇಶದ ಪ್ರಯೋಗಶಾಲೆಯ ಬಾಗಿಲು ತೆರೆಯುವುದು. ಹೋಗಲಿ, ಅಗತ್ಯವಾಗಿ ಹೋಗಲಿ, ಅಳುಕದೆ ಹೋಗಲಿ. ಹೋಗುವ ಮುನ್ನ ತಮ್ಮ ಊರಿನ ಆಸ್ಪತ್ರೆಯ ಸಾಲಿನಲ್ಲಿ ಒಂದು ದಿನ ನಿಂತು, ಅಲ್ಲಿಗೆ ಬರುವವರ ಬೇನೆಗಳೇನು, ಅವುಗಳಲ್ಲಿ ಯಾವುದಕ್ಕೆ ಇನ್ನೂ ಉತ್ತರವಿಲ್ಲ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದುಕೊಳ್ಳಲಿ. ಆ ಪುಸ್ತಕವನ್ನು ಪೆಟ್ಟಿಗೆಯ ಮೇಲ್ಭಾಗದಲ್ಲಿಟ್ಟುಕೊಂಡು ಹೊರಟವರು ಎಲ್ಲಿ ಕಲಿತರೂ ನಮ್ಮವರೇ. ಅವರು ಕಲಿತುಬಂದ ವಿದ್ಯೆ ಈ ನೆಲದಲ್ಲಿ ಬೇರುಬಿಡುವುದರಲ್ಲಿ ಸಂದೇಹವಿಲ್ಲ.